ಬ್ರೊಕೊಲಿ, ಎಲೆಕೋಸಿಗೆ ಮೀಥೈಲ್ ಜಾಸ್ಮೊನೇಟ್: ಎಷ್ಟು ಹಾಕಬೇಕು, ಯಾವಾಗ, ಹುಳುವಿಗೆ ಏನಾದರೂ ಆಗುತ್ತಾ?

ಕೋಸುಮಡಿ
ಪಾಲಿಹೌಸ್‌ನಲ್ಲಿ ಬ್ರೊಕೊಲಿ ಇದೆ, ಹೊರಗೆ ಬಯಲಲ್ಲಿ ಎಲೆಕೋಸು. ಮೀಥೈಲ್ ಜಾಸ್ಮೊನೇಟ್ (ಗಿಡದ ರಕ್ಷಣಾ ಹಾರ್ಮೋನು) ಸಿಂಪಡಿಸಿ ಗ್ಲುಕೊಸಿನೊಲೇಟ್ (ಕೋಸಿನ ಜಾತಿಯ ಗಿಡಗಳಲ್ಲಿರುವ, ಗಂಧಕವುಳ್ಳ ರಕ್ಷಣಾ ವಸ್ತು) ಹೆಚ್ಚಿಸುವ ಸಣ್ಣ ಪ್ರಯೋಗ ಮಾಡಬೇಕಿದೆ. ಲೀಟರಿಗೆ ಎಷ್ಟು, ಕೊಯ್ಲಿಗೆ ಎಷ್ಟು ದಿನ ಮುಂಚೆ? ಸ್ಯಾಲಿಸಿಲಿಕ್ ಆಮ್ಲವನ್ನೂ ಅದೇ ಟ್ಯಾಂಕಿಗೆ ಬೆರೆಸಬಹುದೇ? ವಜ್ರಬೆನ್ನಿನ ಪತಂಗದ ಕಾಟ ಇದರಿಂದ ಕಡಿಮೆಯಾಗುತ್ತದೆಯೇ?

ಹಸಿರುನಾಳ
ಬ್ರೊಕೊಲಿಗೆ ಸಾಮಾನ್ಯವಾಗಿ ಬಳಸುವುದು 250 ಮೈಕ್ರೊಮೋಲಾರ್, ಕೊಯ್ಲಿಗೆ 4 ದಿನ ಮುಂಚೆ. ಅಣುತೂಕ 224.3, ಅಂದರೆ ಲೀಟರಿಗೆ 56 ಮಿಲಿಗ್ರಾಂ. ಎಣ್ಣೆಯಂಥ ದ್ರವವಾದ್ದರಿಂದ ಪೈಪೆಟ್‌ನಲ್ಲಿ ಸುಮಾರು 55 ಮೈಕ್ರೊಲೀಟರ್ ಎಂದಿಟ್ಟುಕೊಳ್ಳಿ. ಬಾಟಲಿಯ ಮೇಲೆ ಶುದ್ಧತೆ 95% ಎಂದಿದ್ದರೆ 57. ನೇರವಾಗಿ ನೀರಿಗೆ ಹಾಕಿದರೆ ಸಮನಾಗಿ ಬೆರೆಯುವುದಿಲ್ಲ, ಒಂದು ಗಿಡಕ್ಕೆ ಬರೀ ನೀರು, ಇನ್ನೊಂದಕ್ಕೆ ಎಲೆ ಸುಡುವಷ್ಟು ಹೋಗಬಹುದು. ಒಂದೆರಡು ಮಿಲಿಲೀಟರ್ ಎಥನಾಲ್‌ನಲ್ಲಿ ಕರಗಿಸಿ, 0.1% ಟ್ವೀನ್-20 (ಸಾಬೂನಿನಂತೆ ಕೆಲಸ ಮಾಡುವ ದ್ರವ) ಇರುವ ನೀರಿಗೆ ಕಲಕುತ್ತಾ ಸುರಿಯಿರಿ. ಕೋಸಿನ ಎಲೆ ಮೇಣದ್ದು, ಟ್ವೀನ್ ಇಲ್ಲದಿದ್ದರೆ ಹನಿ ಉರುಳಿ ನೆಲ ಸೇರುತ್ತದೆ. ಹೋಲಿಕೆಯ ಗಿಡಗಳಿಗೂ ಅಷ್ಟೇ ಎಥನಾಲ್, ಅಷ್ಟೇ ಟ್ವೀನ್ ಹೋಗಬೇಕು.

ಹೆಚ್ಚು ಜನ ಎಡವುವುದು ಇಲ್ಲಿ: ಇದು ಆವಿಯಾಗಿ ಗಾಳಿಯಲ್ಲಿ ಹರಡುತ್ತದೆ. ಪಕ್ಕದ ಗಿಡ ಆ ಆವಿಗೇ ಎಚ್ಚೆತ್ತುಕೊಳ್ಳುತ್ತದೆ. ಗಾಳಿಯಲ್ಲಿ ಬಂದ ಮೀಥೈಲ್ ಜಾಸ್ಮೊನೇಟ್‌ಗೆ ಟೊಮೆಟೊ ಎಲೆಗಳು ರಕ್ಷಣಾ ಪ್ರೋಟೀನ್ ತಯಾರಿಸಿದ್ದು 1990ರಲ್ಲೇ ದಾಖಲಾಗಿದೆ. ಒಂದೇ ಪಾಲಿಹೌಸ್‌ನಲ್ಲಿ ಎರಡೂ ಗುಂಪು ಇಟ್ಟರೆ "ಏನೂ ವ್ಯತ್ಯಾಸವಿಲ್ಲ" ಎಂಬ ಫಲಿತಾಂಶ ಬರುವ ಸಾಧ್ಯತೆಯೇ ಹೆಚ್ಚು. ಬೇರೆ ಬೇರೆ ಕೋಣೆ ಬೇಕು.

ಪ್ರಮಾಣ ಏರಿಸುವ ಆಸೆ ಬೇಡ. ಜಾಸ್ಮೊನೇಟ್ ಎಲೆಯ ಮುಪ್ಪನ್ನೂ ಚುರುಕುಗೊಳಿಸುತ್ತದೆ, ಬೆಳವಣಿಗೆಯನ್ನು ತಡೆಯುತ್ತದೆ. ಹಳದಿಯಾದ ಬ್ರೊಕೊಲಿಯನ್ನು ಯಾರೂ ಕೊಳ್ಳುವುದಿಲ್ಲ.

ಸ್ಯಾಲಿಸಿಲಿಕ್ ಆಮ್ಲ ಒಂದೇ ಟ್ಯಾಂಕಿಗೆ ಬೇಡ. ಅಗಿಯುವ ಹುಳುವಿನ ವಿರುದ್ಧ ಜಾಸ್ಮೊನೇಟ್ ದಾರಿ, ಜೀವಕೋಶವನ್ನು ಜೀವಂತ ಇಟ್ಟುಕೊಂಡೇ ತಿನ್ನುವ ರೋಗಾಣುವಿನ ವಿರುದ್ಧ ಸ್ಯಾಲಿಸಿಲೇಟ್ ದಾರಿ. ಒಂದು ಜೋರಾದರೆ ಇನ್ನೊಂದನ್ನು ಅದುಮುವುದೇ ಹೆಚ್ಚು. ನೋಡಲೇಬೇಕಿದ್ದರೆ ಮೂರನೇ ಗುಂಪು ಮಾಡಿ, 0.5 ಮಿಲಿಮೋಲಾರ್, ಅಂದರೆ ಲೀಟರಿಗೆ 69 ಮಿಲಿಗ್ರಾಂ. ಪಿಎಚ್ ಅನ್ನು 6ರ ಆಸುಪಾಸಿಗೆ ತಂದು ಸಿಂಪಡಿಸಿ.

ಬೆಂಚ್‌ಮೇಲೆ
ಮೇಲಿನದಕ್ಕೆ ಒಂದು ತಿದ್ದುಪಡಿಯಂಥ ಸೇರ್ಪಡೆ. "ಗ್ಲುಕೊಸಿನೊಲೇಟ್ ಏರಿತು" ಎಂದಷ್ಟೇ ಬರೆದರೆ ಅರ್ಥವಿಲ್ಲ. ಜಾಸ್ಮೊನೇಟ್‌ಗೆ ಜಿಗಿಯುವುದು ಟ್ರಿಪ್ಟೊಫ್ಯಾನ್‌ನಿಂದ ಹುಟ್ಟುವ ಇಂಡೋಲ್ ಗುಂಪು, ಅದರಲ್ಲೂ ನಿಯೋಗ್ಲುಕೊಬ್ರಾಸಿಸಿನ್. ಇದು ಹಲವು ಪಟ್ಟು ಏರುತ್ತದೆ. ಮೆಥಿಯೊನಿನ್‌ನಿಂದ ಬರುವ ಗ್ಲುಕೊರಾಫನಿನ್ (ಆರೋಗ್ಯಕ್ಕೆ ಒಳ್ಳೆಯದೆಂದು ಹೆಸರಾದ ಸಲ್ಫೊರಾಫೇನ್ ಹುಟ್ಟುವುದು ಇದರಿಂದ) ಅಷ್ಟಾಗಿ ಅಲುಗುವುದಿಲ್ಲ, ತಳಿ ಮತ್ತು ಹಂಗಾಮಿನ ಮೇಲೆ ಹೋಗುತ್ತದೆ. ನಿಯೋಗ್ಲುಕೊಬ್ರಾಸಿಸಿನ್ ಒಡೆದು ಬರುವ ವಸ್ತುಗಳು ಬ್ಯಾಕ್ಟೀರಿಯಾ ಮತ್ತು ಕೋಶಗಳ ಪರೀಕ್ಷೆಯಲ್ಲಿ ಡಿಎನ್‌ಎಗೆ ಹಾನಿ ಮಾಡಿದ್ದೂ ಇದೆ. ಹಾಗಾಗಿ ಪ್ರಯೋಗದ ತಾಕಿನ ಬೆಳೆಯನ್ನು "ಹೆಚ್ಚು ಆರೋಗ್ಯಕರ" ಎಂದು ಮಾರುಕಟ್ಟೆಗೆ ಬಿಡಬೇಡಿ.

ಮಾದರಿ ತೆಗೆಯುವಾಗ ಚಾಕು ತಾಗಿದ ಕ್ಷಣದಿಂದಲೇ ಮೈರೊಸಿನೇಸ್ (ಗ್ಲುಕೊಸಿನೊಲೇಟನ್ನು ಒಡೆಯುವ, ಗಿಡದ್ದೇ ಕಿಣ್ವ) ಕೆಲಸ ಶುರು ಮಾಡುತ್ತದೆ. ಕೊಯ್ದ ಕೂಡಲೇ ದ್ರವ ಸಾರಜನಕಕ್ಕೆ ಹಾಕಿ, ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಒಣಗಿಸಿ, ಪುಡಿಯನ್ನು ಮೊದಲೇ 70 ಡಿಗ್ರಿಗೆ ಕಾಯಿಸಿದ 70% ಮೆಥನಾಲ್‌ಗೆ ಹಾಕಿ. ತಣ್ಣನೆಯ ಮೆಥನಾಲ್ ಸುರಿದು ಆಮೇಲೆ ಬಿಸಿ ಮಾಡಿದರೆ ಆ ನಡುವೆಯೇ ಒಂದಷ್ಟು ಒಡೆದು ಹೋಗುತ್ತದೆ. ಒಳ ಮಾನಕವಾಗಿ (ಅಳತೆ ಹೋಲಿಸಲು ಗೊತ್ತಾದ ಪ್ರಮಾಣದಲ್ಲಿ ಬೆರೆಸುವ ವಸ್ತು) ಸಿನಿಗ್ರಿನ್ ಎಂಬ ಗ್ಲುಕೊಸಿನೊಲೇಟ್ ಎಂದು ಹಳೆಯ ವಿಧಾನಗಳಲ್ಲಿ ಓದಿರುತ್ತೀರಿ. ಅದು ರೇಪ್‌ಸೀಡ್‌ಗೆ ಸರಿ. ಎಲೆಕೋಸಿನಲ್ಲಿ ಸಿನಿಗ್ರಿನ್ ತಾನಾಗಿಯೇ ಧಾರಾಳವಾಗಿದೆ, ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಬದಲಿಗೆ ಗ್ಲುಕೊಟ್ರೊಪಿಯೊಲಿನ್ ಎಂಬ ಇನ್ನೊಂದು ಗ್ಲುಕೊಸಿನೊಲೇಟ್ ಬಳಸಿ. ಎಲೆಕೋಸಿನ ಹೊರ ಎಲೆ, ಒಳಗಿನ ಗಡ್ಡೆ ಬೇರೆ ಬೇರೆ ಮಾದರಿಯಾಗಲಿ. ಸಿಂಪಡಣೆ ಬೀಳುವುದು ಹೊರ ಎಲೆಗೆ.

ಕೀಟನೋಟ
ವಜ್ರಬೆನ್ನಿನ ಪತಂಗದ ವಿಷಯಕ್ಕೆ ಬಂದರೆ, ಇದನ್ನು ನಂಬಿ ಕೂರಬೇಡಿ. ಅದರ ಮರಿಹುಳುವಿನ ಕರುಳಲ್ಲಿ ಸಲ್ಫಟೇಸ್ ಎಂಬ ಕಿಣ್ವವಿದೆ (ಗೊತ್ತಾಗಿದ್ದು 2002ರಲ್ಲಿ). ಗ್ಲುಕೊಸಿನೊಲೇಟ್‌ನ ಸಲ್ಫೇಟ್ ತುಣುಕನ್ನೇ ಅದು ಕಿತ್ತು ಹಾಕುತ್ತದೆ, ಆಮೇಲೆ ಮೈರೊಸಿನೇಸ್‌ಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಮೇಲಾಗಿ ಹೆಣ್ಣು ಪತಂಗ ಮೊಟ್ಟೆಯಿಡಲು ಗಿಡ ಹುಡುಕುವುದೇ ಈ ವಸ್ತುಗಳ ಸುಳಿವು ಹಿಡಿದು. ಸ್ಪೊಡಾಪ್ಟೆರಾದಂಥ, ಎಲ್ಲ ಬೆಳೆಯನ್ನೂ ತಿನ್ನುವ ಹುಳುವಿಗೆ ಜಾಸ್ಮೊನೇಟ್ ಪೆಟ್ಟು ತಟ್ಟಬಹುದು. ಸಸ್ಯಹೇನು ರಸ ಹೀರುತ್ತದೆ, ಕೋಶಗಳನ್ನು ಹೆಚ್ಚು ಒಡೆಯುವುದಿಲ್ಲ. ಅದರ ಕಥೆ ಬೇರೆ.

ಬಯಲಿನ ಎಲೆಕೋಸಿಗೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಳೆಯ ಶಿಫಾರಸೇ ವಾಸಿ: 25 ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆ. ಒಂದು ಸಾಲು ನಾಟಿಗೆ 15 ದಿನ ಮುಂಚೆ ಬಿತ್ತಿ, ಇನ್ನೊಂದು ನಾಟಿಯಾದ 25 ದಿನಕ್ಕೆ. ಪತಂಗ ಸಾಸಿವೆಗೆ ಮುತ್ತುತ್ತದೆ. ಆ ಸಾಲಿಗೆ ಔಷಧಿ ಹೊಡೆಯುವುದನ್ನು ಮರೆತರೆ ಮಾತ್ರ ಅದೇ ಹುಳುವಿನ ತವರಾಗುತ್ತದೆ.

ಕೋಸುಮಡಿ
ಎಲ್ಲರಿಗೂ ಧನ್ಯವಾದ. ಪ್ರಯೋಗಕ್ಕೆ ಎರಡು ಕೋಣೆ ಮಾಡಿಕೊಳ್ಳುತ್ತೇನೆ. ನನಗೆ ಬೇಕಿರುವುದು ಸಲ್ಫೊರಾಫೇನ್ ಆದರೆ ದಾರಿ ಯಾವುದು?

ಬೆಂಚ್‌ಮೇಲೆ
ತಳಿ, ಗಂಧಕ, ಅಡುಗೆ. ಗ್ಲುಕೊರಾಫನಿನ್ ಅಣು ಒಂದಕ್ಕೆ ಮೂರು ಗಂಧಕ ಪರಮಾಣು ಬೇಕು. ಮಣ್ಣಲ್ಲಿ ಗಂಧಕ ಕಡಿಮೆಯಿದ್ದರೆ ಯಾವ ಹಾರ್ಮೋನೂ ಏನೂ ಮಾಡದು, ನಾಟಿಗೆ ಮುಂಚೆ ಜಿಪ್ಸಂ ಕೊಡಿ. ಮೂರು ದಿನದ ಬ್ರೊಕೊಲಿ ಮೊಳಕೆಯಲ್ಲಿ ಬಲಿತ ಹೂವಿಗಿಂತ ಗ್ಲುಕೊರಾಫನಿನ್ 10ರಿಂದ 100 ಪಟ್ಟು ಹೆಚ್ಚಿರಬಹುದು ಎಂದು 1997ರಲ್ಲೇ ಜಾನ್ಸ್ ಹಾಪ್ಕಿನ್ಸ್‌ನವರು ತೋರಿಸಿದ್ದಾರೆ. ಇಡಿಯಾಗಿ ಕುದಿಸಿದರೆ ಅದನ್ನು ಸಲ್ಫೊರಾಫೇನ್ ಮಾಡುವ ಕಿಣ್ವ ಮೈರೊಸಿನೇಸ್ ಸಾಯುತ್ತದೆ. ಹೆಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬೇಯಿಸಿ, ಇಲ್ಲವೇ ಬೆಂದ ಮೇಲೆ ಹಸಿ ಸಾಸಿವೆ ಪುಡಿ ಬೆರೆಸಿ. ಅದರ ಮೈರೊಸಿನೇಸ್ ಉಳಿದ ಕೆಲಸ ಮುಗಿಸುತ್ತದೆ. ಒಗ್ಗರಣೆಯ ಸಾಸಿವೆಯಿಂದ ಇದು ಆಗದು, ಕಾದ ಎಣ್ಣೆಯಲ್ಲಿ ಅದರ ಕಿಣ್ವವೂ ಹೋಗಿರುತ್ತದೆ.