ವರ್ಣಚಕ್ರ ಬಾಯಿಪಾಠವಾಗಿದೆ, ಕೋಟೆಯ ಗೋಡೆ ಮಾತ್ರ ಕೆಸರಾಗುತ್ತಿದೆ

ಎರೆಹೊಲ, ಕಲಬುರಗಿ

ಎಲ್ಲರಿಗೂ ಶರಣು. ನಾನು ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಎರಡು ವರ್ಷಗಳಿಂದ ಭಾನುವಾರಗಳಲ್ಲಿ ಅಕ್ರಿಲಿಕ್ ಬಣ್ಣಗಳಿಂದ ನಿಸರ್ಗಚಿತ್ರ ಬಿಡಿಸುವ ಹವ್ಯಾಸ ಹತ್ತಿಕೊಂಡಿದೆ. ವರ್ಣಸಿದ್ಧಾಂತವನ್ನು ಕ್ರಮವಾಗಿ ಕಲಿಯಬೇಕೆಂದು, ಬಣ್ಣಗಳನ್ನು ವೃತ್ತದಲ್ಲಿ ಜೋಡಿಸುವ ವರ್ಣಚಕ್ರವನ್ನು ಮೂರು ಸಲ ಬಿಡಿಸಿದ್ದೇನೆ. ಯಾವ ಬಣ್ಣಕ್ಕೆ ಯಾವುದು ಎದುರು ಬಣ್ಣವೆಂದು, ಅಂದರೆ ಚಕ್ರದಲ್ಲಿ ನೇರ ಎದುರಿಗೆ ಬರುವುದು ಯಾವುದೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ಕುಂಚ ಕೈಗೆ ಬಂದಾಗ ಆ ವಿದ್ಯೆಯೆಲ್ಲ ಎಲ್ಲಿ ಹೋಗುತ್ತದೆಯೋ ತಿಳಿಯದು.

ಕಳೆದ ತಿಂಗಳು ಸಂಜೆ ಐದರ ಬಿಸಿಲಿನಲ್ಲಿ ಕಂದಕದ ಈಚೆ ಕುಳಿತು ಕೋಟೆಯ ಗೋಡೆಯನ್ನು ಬಿಡಿಸಿದೆ. ಬಿಸಿಲು ಬಿದ್ದ ಭಾಗಕ್ಕೆ ಕಂದಿನಲ್ಲಿ ಬಿಳಿ ಬೆರೆಸಿದೆ, ನೆರಳಿನ ಭಾಗಕ್ಕೆ ಅದೇ ಕಂದಿನಲ್ಲಿ ಕಪ್ಪು ಬೆರೆಸಿದೆ. ಮನೆಗೆ ತಂದು ನೋಡಿದರೆ ಬಿಸಿಲಿನ ಗೋಡೆ ಸುಣ್ಣ ಬಳಿದಂತೆಯೂ ನೆರಳಿನ ಗೋಡೆ ಒಲೆಯ ಮಸಿ ಹಿಡಿದಂತೆಯೂ ಕಾಣುತ್ತಿತ್ತು. ಆಕಾಶದ ಅಂಚಿಗೆ ನೇರಳೆ ಬೇಕಿತ್ತು. ಕೆಂಪು ಮತ್ತು ನೀಲಿ ಸೇರಿದರೆ ನೇರಳೆಯೆಂಬ ನಿಯಮದಂತೆ ಕ್ಯಾಡ್ಮಿಯಂ ಕೆಂಪು ಮತ್ತು ಅಲ್ಟ್ರಾಮರೀನ್ ನೀಲಿಯನ್ನು ಬೆರೆಸಿದಾಗ ಹಳೆಯ ಬೆಲ್ಲದ ಬಣ್ಣ ಬಂತು.

ಇನ್ನೊಂದು ಗೊಂದಲವೂ ಇದೆ. ನಾನು ತರಗತಿಯಲ್ಲಿ ಬೆಳಕಿನ ಮೂಲವರ್ಣಗಳು ಕೆಂಪು, ಹಸಿರು, ನೀಲಿ ಎಂದು ಕಲಿಸುತ್ತೇನೆ. ಚಿತ್ರಕಲೆಯವರು ಕೆಂಪು, ಹಳದಿ, ನೀಲಿ ಎನ್ನುತ್ತಾರೆ. ಮುದ್ರಣದವರು ಸಯಾನ್, ಮಜೆಂತಾ, ಹಳದಿ ಎನ್ನುತ್ತಾರೆ. ಇವುಗಳಲ್ಲಿ ಯಾವುದನ್ನು ನಂಬಿ ಕೂರಬೇಕು? ನಿಯಮ ಗೊತ್ತಿದ್ದೂ ಕೈಗೆ ಬಾರದಿದ್ದರೆ ಅಭ್ಯಾಸವನ್ನು ಎಲ್ಲಿಂದ ಆರಂಭಿಸಬೇಕು? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಹಳೆಯ ಕುಂಚ, ಕಲಬುರಗಿ

ಮಾಸ್ತರರೇ, ಶರಣು. ಮೂವತ್ತು ವರ್ಷ ಚಿತ್ರಕಲಾ ಶಿಕ್ಷಕನಾಗಿದ್ದವನು ನಾನು. ನಿಮ್ಮ ಗೋಡೆಯನ್ನು ನೋಡದೆಯೇ ಗುರುತು ಹಿಡಿದೆ, ಏಕೆಂದರೆ ಅಂಥ ಗೋಡೆಗಳಿಗೆ ಪ್ರತಿವರ್ಷ ಅಂಕ ಹಾಕುತ್ತಿದ್ದೆ.

ಮೊದಲು ನಿಮ್ಮ ವಿಜ್ಞಾನದ ಗೊಂದಲವನ್ನು ಬಿಡಿಸೋಣ. ಬೆಳಕಿನದು ಕೂಡುವ ಲೆಕ್ಕ, ಬಣ್ಣದ್ದು ಕಳೆಯುವ ಲೆಕ್ಕ. ನ್ಯೂಟನ್ ಪಟ್ಟಕದಿಂದ ಬಿಡಿಸಿದ ಬಣ್ಣಗಳನ್ನು ಮತ್ತೆ ಒಟ್ಟುಗೂಡಿಸಿದಾಗ ಬಿಳಿಯ ಬೆಳಕು ಬಂದಿತು. ಆದರೆ ಪ್ಯಾಲೆಟ್ಟಿನ (ಬಣ್ಣ ಬೆರೆಸುವ ಹಲಗೆಯ) ಮೇಲಿರುವುದು ಬೆಳಕಲ್ಲ, ಬೆಳಕಿನ ಒಂದು ಪಾಲನ್ನು ನುಂಗಿ ಉಳಿದದ್ದನ್ನು ಮಾತ್ರ ಹಿಂದಿರುಗಿಸುವ ಪುಡಿ. ಎರಡು ಪುಡಿಗಳನ್ನು ಬೆರೆಸಿದರೆ ಎರಡೂ ನುಂಗುತ್ತವೆ. ಮೂರನೆಯದನ್ನು ಬೆರೆಸಿದರೆ ಹಿಂದಿರುಗಲು ಹೆಚ್ಚೇನೂ ಉಳಿಯುವುದಿಲ್ಲ. ಕೆಸರು ಎಂದು ನೀವು ಕರೆಯುತ್ತಿರುವುದು ಇದನ್ನೇ. ಕಳೆಯುವ ಲೆಕ್ಕಕ್ಕೆ ಮುದ್ರಣದವರ ಮೂರು ಬಣ್ಣಗಳೇ ಹೆಚ್ಚು ಸರಿ. ನಮ್ಮ ಕೆಂಪು, ಹಳದಿ, ನೀಲಿ ಎಂಬುದು ಹಳೆಯ ಕಾರ್ಯಶಾಲೆಗಳಿಂದ ಬಂದ ರೂಢಿ. ಕೆಲಸಕ್ಕೆ ಬರುತ್ತದೆ, ಆದರೆ ಅದನ್ನು ನಿಯಮವೆಂದು ಹಿಡಿದು ಕೂತರೆ ಬೆಲ್ಲವೇ ಸಿಗುತ್ತದೆ.

ನಿಮ್ಮ ಬೆಲ್ಲದ ಕಾರಣವೂ ಇಲ್ಲಿಯೇ ಇದೆ. ವರ್ಣಚಕ್ರದಲ್ಲಿ ‘ಕೆಂಪು’ ಎಂದು ಒಂದೇ ಹೆಸರು, ಅಂಗಡಿಯಲ್ಲಿ ಕೆಂಪುಗಳು ಹತ್ತು. ಕ್ಯಾಡ್ಮಿಯಂ ಕೆಂಪು ಕಿತ್ತಳೆಯ ಕಡೆಗೆ ವಾಲಿದ ಕೆಂಪು, ಅಂದರೆ ಅದರೊಳಗೆ ಹಳದಿಯ ಅಂಶ ಅಡಗಿದೆ. ನೀವು ಎರಡು ಬಣ್ಣ ಬೆರೆಸಿದೆನೆಂದುಕೊಂಡಿರಿ. ಕಣ್ಣಿನ ಲೆಕ್ಕದಲ್ಲಿ ಮೂರು ಬೆರೆತವು. ಅದೇ ಅಲ್ಟ್ರಾಮರೀನ್‌ಗೆ ಮಜೆಂತಾ ಕಡೆಗೆ ವಾಲಿದ ಕ್ವಿನಾಕ್ರಿಡೋನ್ ಕೆಂಪನ್ನು ಬೆರೆಸಿ ನೋಡಿ, ಬದನೆಕಾಯಿಯ ನೇರಳೆ ತಾನಾಗಿ ಬರುತ್ತದೆ. ಹಸಿರಿನ ಕಥೆಯೂ ಇದೇ: ನಿಂಬೆಹಳದಿಗೆ ಥಾಲೋ ನೀಲಿ ಬೆರೆಸಿದರೆ ಎಳೆ ಭತ್ತದ ಹಸಿರು, ಅಲ್ಟ್ರಾಮರೀನ್ ಬೆರೆಸಿದರೆ ಬಾಡಿದ ಹಸಿರು. ಎರಡೂ ಬೇಕಾಗುವ ಬಣ್ಣಗಳೇ, ಯಾವಾಗ ಯಾವುದೆಂದು ತಿಳಿದಿರಬೇಕು ಅಷ್ಟೆ. ಟ್ಯೂಬಿನ ಮುಂದಿರುವ ಚಂದದ ಹೆಸರನ್ನು ನಂಬಬೇಡಿ. ಒಳ್ಳೆಯ ದರ್ಜೆಯ ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ವರ್ಣದ್ರವ್ಯದ ಸಂಖ್ಯೆ ಇರುತ್ತದೆ. ಅಲ್ಟ್ರಾಮರೀನ್ ಎಂದರೆ ಪಿಬಿ (ಪಿಗ್ಮೆಂಟ್ ಬ್ಲೂ) 29, ಥಾಲೋ ನೀಲಿ ಪಿಬಿ 15, ಕ್ಯಾಡ್ಮಿಯಂ ಕೆಂಪು ಪಿಆರ್ (ಪಿಗ್ಮೆಂಟ್ ರೆಡ್) 108. ಹೆಸರಿನ ಕೊನೆಗೆ ‘ಹ್ಯೂ’ ಎಂದಿದ್ದರೆ ಒಳಗಿರುವುದು ಬೇರೆ ದ್ರವ್ಯ.

ಇನ್ನು ಗೋಡೆ. ಬಿಸಿಲು ಎಂದರೆ ಬಿಳಿ, ನೆರಳು ಎಂದರೆ ಕಪ್ಪು ಎಂದು ಬಗೆದದ್ದೇ ಅಲ್ಲಿ ಆದ ತಪ್ಪು. ಟೈಟೇನಿಯಂ ಬಿಳಿ ಬಣ್ಣವನ್ನು ತಿಳಿಯಾಗಿಸುವುದರ ಜೊತೆಗೆ ತಂಪಾಗಿಯೂ ಮಾಡುತ್ತದೆ, ಆದರೆ ಸಂಜೆಯ ಬಿಸಿಲು ಗೋಡೆಯನ್ನು ಬಿಸಿ ಬಣ್ಣದ ಕಡೆಗೆ ಎಳೆಯುತ್ತದೆ. ಆದ್ದರಿಂದ ಬಿಳಿಯ ಜೊತೆಗೆ ಹಳದಿ ಓಕರ್ ಎಂಬ ಮಣ್ಣುಹಳದಿ ಇರಲೇಬೇಕು. ನೆರಳಿಗೆ ನೇರ ಬಿಸಿಲು ಮುಟ್ಟುವುದಿಲ್ಲ, ಆದರೆ ಆಕಾಶದ ನೀಲಿ ಬೆಳಕು ಮುಟ್ಟುತ್ತದೆ. ಆದ್ದರಿಂದ ನೆರಳಿನ ಕಂದಿಗೆ ಕಪ್ಪಿನ ಬದಲು ಅಲ್ಟ್ರಾಮರೀನ್ ಸೇರಿಸಿ. ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಮತ್ತು ಅಲ್ಟ್ರಾಮರೀನ್ ಹೆಚ್ಚುಕಡಿಮೆ ಎದುರು ಬಣ್ಣಗಳು; ಸಮಪಾಲು ಬೆರೆಸಿದರೆ ಕಪ್ಪಿಗೆ ಹತ್ತಿರದ ಬೂದು, ಪಾಲು ಬದಲಿಸಿದರೆ ಬಿಸಿಬೂದು ಅಥವಾ ತಂಪುಬೂದು. ಶಹಾಬಾದ್ ಕಲ್ಲಿನ ಹಾಸು ಬಿಡಿಸಬೇಕಾದರೆ ಈ ಎರಡು ಟ್ಯೂಬು ಮತ್ತು ಬಿಳಿ ಸಾಕು. ನನ್ನ ಮಟ್ಟಿಗೆ ಕಪ್ಪಿನ ಟ್ಯೂಬನ್ನು ಒಂದು ವರ್ಷ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದೇ ಕ್ಷೇಮ.

ಅಭ್ಯಾಸಕ್ಕೆ ಹೊಸ ಪುಸ್ತಕವೇನೂ ಬೇಡ. ನಿಂಬೆಹಳದಿ, ಬರ್ಂಟ್ ಸಿಯೆನ್ನಾ, ಅಲ್ಟ್ರಾಮರೀನ್, ಬಿಳಿ, ಈ ನಾಲ್ಕನ್ನೇ ಇಟ್ಟುಕೊಂಡು ಎರಡೆರಡಾಗಿ ಬೆರೆಸಿ, ಪ್ರತಿ ಜೋಡಿಗೂ ಐದು ಮೆಟ್ಟಿಲುಗಳ ಪಟ್ಟಿ ಮಾಡಿ, ಪಕ್ಕದಲ್ಲಿ ಪಾಲು ಬರೆದಿಡಿ. ಬೇಸರದ ಕೆಲಸವೇ, ಆದರೆ ಬಣ್ಣದ ಮಗ್ಗಿ ಬೇರೆ ಯಾವ ದಾರಿಯಿಂದಲೂ ಬಾಯಿಗೆ ಬರುವುದಿಲ್ಲ. ಹಾಗೆಯೇ, ನಮ್ಮೂರಿನಲ್ಲಿ ಎಸ್. ಎಂ. ಪಂಡಿತ್ ರಂಗಮಂದಿರಕ್ಕೆ ನಾಟಕ ನೋಡಲು ಹೋಗುವ ಎಷ್ಟೋ ಜನರಿಗೆ ಆ ಹೆಸರಿನವರು 1916ರಲ್ಲಿ ಇಲ್ಲಿಯೇ ಹುಟ್ಟಿದ ಚಿತ್ರಕಾರರೆಂಬುದು ತಿಳಿದಿಲ್ಲ. ಅವರ ಪೌರಾಣಿಕ ಚಿತ್ರದ ಹಳೆಯ ಕ್ಯಾಲೆಂಡರ್ ಯಾರದಾದರೂ ಮನೆಯಲ್ಲಿ ಸಿಕ್ಕರೆ, ಕಥೆಯನ್ನು ಬದಿಗಿಟ್ಟು, ಮೈಬಣ್ಣದ ಬೆಳಕಿನಲ್ಲಿ ಏನಿದೆ, ನೆರಳಿನಲ್ಲಿ ಏನಿದೆ ಎಂದು ಒಂದು ಗಂಟೆ ನೋಡಿ.

ಬಿದ್ರಿ ಮನೆ, ಬೀದರ್

ಹಿರಿಯರು ಹೇಳಿದ್ದೆಲ್ಲವೂ ಸರಿ, ಆದರೆ ಅವರು ಎರಡನೆಯ ಪಾಠದಿಂದ ಆರಂಭಿಸಿದರೆಂದು ವಿನಯದಿಂದ ಹೇಳುತ್ತೇನೆ. ಮೊದಲನೆಯದು ಬಣ್ಣವಲ್ಲ, ಯಾವುದು ತಿಳಿ, ಯಾವುದು ಗಾಢ ಎಂಬುದು.

ನಮ್ಮ ಮನೆಯಲ್ಲಿ ಬಿದ್ರಿ ಕೆಲಸ ನಡೆಯುತ್ತದೆ; ನಾನು ನಕ್ಷೆ ಹಾಕುತ್ತೇನೆ. ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆ ಮೊದಲು ಬೆಳ್ಳಗಿನ ಬೂದು ಬಣ್ಣದಲ್ಲಿರುತ್ತದೆ. ಅದರ ಮೇಲೆ ಗೆರೆ ಕೊರೆದರೆ ಕಣ್ಣಿಗೆ ಕಾಣುವುದಿಲ್ಲವೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತೇವೆ. ಕೊರೆದ ಗೆರೆಗೆ ಬೆಳ್ಳಿಯ ತಂತಿ ಕೂರಿಸಿ, ಉಜ್ಜಿ ನಯಗೊಳಿಸಿದಾಗ ಆ ಕಪ್ಪು ಹೋಗುತ್ತದೆ, ಜೊತೆಗೆ ವಾರಗಟ್ಟಲೆ ಮಾಡಿದ ಬಳ್ಳಿ, ಹೂವು ಎಲ್ಲವೂ ಮಾಯವಾದಂತಾಗುತ್ತದೆ. ಬೆಳ್ಳಿ ಅಲ್ಲಿಯೇ ಇದೆ, ಆದರೆ ಬೆಳ್ಳಿಯೂ ಸತುವೂ ಹೆಚ್ಚುಕಡಿಮೆ ಒಂದೇ ತಿಳಿಯಾದ್ದರಿಂದ ಕಣ್ಣು ಅವನ್ನು ಬೇರ್ಪಡಿಸಲಾರದು. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿ ತೊಳೆದಾಗ ಸತು ಮಾತ್ರ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ, ಬಳ್ಳಿ ಎದ್ದು ನಿಲ್ಲುತ್ತದೆ. ಚಿಕ್ಕವನಿದ್ದಾಗ ಆ ತೊಳೆಯುವ ಗಳಿಗೆಗಾಗಿ ಶಾಲೆ ತಪ್ಪಿಸುತ್ತಿದ್ದೆ. ಅದೇ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸವೂ ಇದೇ ತತ್ವದ ಮೇಲೆ ನಿಂತಿದೆ.

ಆದ್ದರಿಂದ ನಿಮ್ಮ ಚಿತ್ರದ ಫೋಟೊ ತೆಗೆದು ಮೊಬೈಲಿನಲ್ಲಿ ಕಪ್ಪು-ಬಿಳುಪಾಗಿಸಿ ನೋಡಿ. ಗೋಡೆ, ಕಂದಕ, ಆಕಾಶ ಮೂರೂ ಒಂದೇ ಬೂದಾಗಿ ಕಂಡರೆ ಎಷ್ಟು ಚಂದದ ನೇರಳೆ ಬೆರೆಸಿದರೂ ಉಪಯೋಗವಿಲ್ಲ.

ಬಣ್ಣದ ಪ್ರಮಾಣದ ಬಗ್ಗೆ ಒಂದು ಮಾತು. ಬೀದರಿಗೆ ಬಂದರೆ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಮುಂದೆ ಬೆಳಿಗ್ಗೆ ನಿಲ್ಲಿ. ಗೋಡೆಗೆ ಹಚ್ಚಿದ್ದ ಬಣ್ಣದ ಹೆಂಚಿನ ಕೆಲಸದ ಬಹುಪಾಲು ಉದುರಿಹೋಗಿದೆ. ಆದರೂ ಉಳಿದ ನೀಲಿ ದೂರದಿಂದಲೇ ಕಣ್ಣು ಸೆಳೆಯುತ್ತದೆ. ಸುತ್ತಲಿನ ಕಲ್ಲು ಬಿಸಿಕಂದು, ನೀಲಿ ಅದಕ್ಕೆ ಎದುರು, ಅದೂ ಸ್ವಲ್ಪವೇ ಇರುವುದರಿಂದ ಹಾಗಾಗುತ್ತದೆ. ಎದುರು ಬಣ್ಣಗಳನ್ನು ಸಮಪಾಲು ಹಾಕಿದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ.

ಕೌದಿ ಅಕ್ಕ, ಯಾದಗಿರಿ

ನಾನು ಚಿತ್ರ ಬಿಡಿಸುವವಳಲ್ಲ, ಕೌದಿ ಹೊಲಿದು ಮಾರುವವಳು. ಆದರೆ ಈ ಚರ್ಚೆ ನನ್ನ ಕೆಲಸಕ್ಕೂ ಸಂಬಂಧಿಸಿದೆ ಎನಿಸಿ ಬರೆಯುತ್ತಿದ್ದೇನೆ.

ದರ್ಜಿ ಅಂಗಡಿಯಿಂದ ತರುವ ತುಂಡುಗಳಲ್ಲಿ ಶಾಲೆಯ ಸಮವಸ್ತ್ರದ ಬೂದು ಬಟ್ಟೆ ಯಾವಾಗಲೂ ಹೆಚ್ಚು. ಒಮ್ಮೆ ಒಂದೇ ಥಾನಿನ ಬೂದು ತುಂಡುಗಳನ್ನು ಒಂದು ಸಾಲಿನಲ್ಲಿ ಕುಂಕುಮಗೆಂಪು ಸೀರೆಯ ನಡುವೆ, ಇನ್ನೊಂದು ಸಾಲಿನಲ್ಲಿ ಗಿಳಿಹಸಿರಿನ ನಡುವೆ ಇಟ್ಟು ಹೊಲಿದೆ. ಕೆಂಪಿನೊಳಗಿನ ಬೂದು ಹಸಿರು ಹೊಡೆಯುತ್ತಿತ್ತು, ಹಸಿರಿನೊಳಗಿನ ಬೂದು ಕೆಂಪಗೆ ಕಾಣುತ್ತಿತ್ತು. ಕೊಳ್ಳಲು ಬಂದವರು ‘ಬೇರೆ ಬೇರೆ ಬಟ್ಟೆ ಹಾಕಿದ್ದೀರಿ’ ಎಂದು ವಾದಿಸಿದರು. ಅಂಚಿನಲ್ಲಿ ಉಳಿದಿದ್ದ ಥಾನಿನ ತುಂಡನ್ನು ಎರಡರ ಮೇಲೂ ಇಟ್ಟು ತೋರಿಸಬೇಕಾಯಿತು.

ಇದಕ್ಕೊಂದು ನಿಯಮವಿದೆ ಎಂದು ಆಮೇಲೆ ತಿಳಿಯಿತು. ಫ್ರಾನ್ಸಿನಲ್ಲಿ ಚಿತ್ರಪಟಗಳನ್ನು ನೇಯುವ ಗೊಬೆಲಿನ್ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನಿಗೆ ಕಪ್ಪು ನೂಲು ಸಪ್ಪೆಯಾಗಿದೆಯೆಂದು ನೇಯುವವರಿಂದ ದೂರು ಬಂದಿತ್ತು. ಪರೀಕ್ಷಿಸಿದಾಗ ನೂಲಿನ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣಗಳು ಅದನ್ನು ಸಪ್ಪೆಯಾಗಿ ತೋರಿಸುತ್ತಿದ್ದವು. ಅಕ್ಕಪಕ್ಕದ ಬಣ್ಣಗಳು ಪರಸ್ಪರ ತಮ್ಮ ಎದುರು ಬಣ್ಣದ ಕಡೆಗೆ ದೂಡುತ್ತವೆ ಎಂಬ ನಿಯಮವನ್ನು ಅವನು 1839ರಲ್ಲಿ ಪ್ರಕಟಿಸಿದ.

ನನಗೆ ತಿಳಿದ ಅಭ್ಯಾಸವನ್ನು ಹೇಳುತ್ತೇನೆ. ತುಂಡುಗಳನ್ನು ನೆಲದ ಮೇಲೆ ಹರಡಿ, ಹೊಲಿಯುವ ಮೊದಲು ಮಾಳಿಗೆಯ ಮೆಟ್ಟಿಲೇರಿ ಕಣ್ಣು ಅರೆಮುಚ್ಚಿ ನೋಡುತ್ತೇನೆ. ಯಾವ ತುಂಡು ಮುಂದೆ ಜಿಗಿಯುತ್ತದೆಯೋ ಅದನ್ನು ಬದಲಿಸುವುದಿಲ್ಲ, ಅದರ ನೆರೆಯನ್ನು ಬದಲಿಸುತ್ತೇನೆ. ಮಾಸ್ತರರ ಗೋಡೆಯೂ ಹೀಗೆಯೇ ಸರಿಹೋಗಬಹುದೇನೋ. ಗೋಡೆಯನ್ನೇ ಉಜ್ಜುವ ಬದಲು ಆಕಾಶವನ್ನು ಬದಲಿಸಿ ನೋಡಿ.

ಎರೆಹೊಲ, ಕಲಬುರಗಿ

ಮೂವರಿಗೂ ಕೃತಜ್ಞತೆಗಳು. ಹದಿನೈದು ದಿನ ಚಿತ್ರ ಬಿಡಿಸುವುದನ್ನು ನಿಲ್ಲಿಸಿ, ಹಳೆಯ ಡ್ರಾಯಿಂಗ್ ಹಾಳೆಗಳ ಹಿಂಬದಿಯಲ್ಲಿ ಪಟ್ಟಿಗಳನ್ನು ಮಾತ್ರ ಮಾಡಿದೆ. ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ನಡುವಿನ ಮೂರನೆಯ ಮೆಟ್ಟಿಲು ಕಲಬುರಗಿಯ ಎರೆಮಣ್ಣೇ; ಮಳೆ ಬಿದ್ದ ಮರುದಿನದ ಮಣ್ಣು. ಅದನ್ನು ನೋಡಿ ನಾನೊಬ್ಬನೇ ನಕ್ಕೆ. ಹಳೆಯ ಚಿತ್ರವನ್ನು ಕಪ್ಪು-ಬಿಳುಪಾಗಿಸಿ ನೋಡಿದಾಗ ಬಿದ್ರಿ ಮನೆಯವರು ಹೇಳಿದಂತೆಯೇ ಕಂದಕವೂ ನೆರಳಿನ ಗೋಡೆಯೂ ಒಂದಾಗಿ ಹೋಗಿದ್ದವು. ಅಕ್ಕನವರ ಮಾತಿನಂತೆ ಆಕಾಶಕ್ಕೆ ತಂಪುಬೂದಿನ ತೆಳುಪದರ ಕೊಟ್ಟೆ. ಮುಟ್ಟದೇ ಬಿಟ್ಟ ಗೋಡೆ ಅರ್ಧದಷ್ಟು ಬಿಸಿಯಾಯಿತು.

ಈಗ ಹೊಸ ತೊಂದರೆ. ತೊಗರಿ ಹೊಲ ಬಿಡಿಸಲು ಹೊರಟಿದ್ದೇನೆ. ಟ್ಯೂಬಿನ ಹಸಿರನ್ನು ಹಾಗೆಯೇ ಹಚ್ಚಿದರೆ ಪ್ಲಾಸ್ಟಿಕ್ ಹಾರದಂತೆ ಕಾಣುತ್ತದೆ, ನಿಂಬೆಹಳದಿ ಮತ್ತು ಅಲ್ಟ್ರಾಮರೀನ್ ಬೆರೆಸಿದರೂ ತೊಗರಿಯ ಎಲೆ ಬರುತ್ತಿಲ್ಲ.

ಬಿದ್ರಿ ಮನೆ, ಬೀದರ್

ತೊಗರಿಯ ಎಲೆಯ ಅಡಿಭಾಗ ನಸುಬಿಳಿ, ಗಾಳಿ ಬೀಸಿದಾಗ ಇಡೀ ಹೊಲ ಬೂದುಹಸಿರಾಗುತ್ತದೆ. ಹಿರಿಯರು ಕ್ಷಮಿಸಬೇಕು, ಇಲ್ಲಿ ಬೀಗ ತೆಗೆದು ಕಪ್ಪಿನ ಟ್ಯೂಬನ್ನು ಹೊರಗೆ ತರಬೇಕು. ಕಪ್ಪಿನೊಳಗೆ ಸ್ವಲ್ಪ ನೀಲಿಯ ಗುಣವಿದೆ. ಹಳದಿಗೆ ಬೆರೆಸಿದರೆ ಮಾಗಿದ, ಮೌನವಾದ ಹಸಿರು ಬರುತ್ತದೆ, ಮೇಲೆ ಚೂರು ಬಿಳಿ ಸೇರಿಸಿ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಝೋರ್ನ್ ಹೆಸರಿನಲ್ಲಿ ಪ್ರಸಿದ್ಧವಾದ ಪ್ಯಾಲೆಟ್ಟಿನಲ್ಲಿ ಹಳದಿ ಓಕರ್, ಕೆಂಪು, ಕಪ್ಪು, ಬಿಳಿ ಬಿಟ್ಟರೆ ನೀಲಿಯೇ ಇಲ್ಲ, ನೀಲಿಯ ಕೆಲಸವನ್ನು ಕಪ್ಪೇ ಮಾಡುತ್ತದೆ.

ಹಳೆಯ ಕುಂಚ, ಕಲಬುರಗಿ

ಒಪ್ಪಿದೆ. ಕಪ್ಪನ್ನು ಬಣ್ಣವೆಂದು ಬಳಸಿದರೆ ನನ್ನ ತಕರಾರಿಲ್ಲ, ನೆರಳೆಂದು ಬಳಸಬೇಡಿ ಎಂದಷ್ಟೇ ನನ್ನ ಹಟ. ಮಾಸ್ತರರೇ, ಹಸಿರಿನ ನಡುವೆ ಅಲ್ಲಲ್ಲಿ ಸಿಯೆನ್ನಾದ ಕೆಂಪು ಇಣುಕಲಿ, ತೊಗರಿಯ ಹಳದಿ ಹೂವಿನ ಹಿಂಬದಿಯಲ್ಲಿಯೂ ಕೆಂಪು ಗೆರೆಗಳಿರುತ್ತವೆ. ಅಕ್ರಿಲಿಕ್ ಒಣಗಿದಾಗ ಒಂದು ಮೆಟ್ಟಿಲು ಗಾಢವಾಗುವುದರಿಂದ ಸ್ವಲ್ಪ ತಿಳಿಯಾಗಿಯೇ ಬೆರೆಸಿ. ಪ್ಯಾಲೆಟ್ಟಿನ ಮೇಲೆ ಒದ್ದೆ ಕಾಗದ ಹಾಸಿದ್ದರೆ ನಮ್ಮ ಬಿಸಿಲಿಗೂ ಬಣ್ಣ ಅರ್ಧ ಗಂಟೆ ತಾಳುತ್ತದೆ. ಚಿತ್ರ ಮುಗಿದ ಮೇಲೆ ಇಲ್ಲಿ ಹಾಕಿ, ಆದರೆ ಫೋಟೊವನ್ನು ಟ್ಯೂಬ್‌ಲೈಟಿನ ಕೆಳಗೆ ತೆಗೆಯಬೇಡಿ. ಬೆಳಿಗ್ಗೆ ಹತ್ತರೊಳಗೆ ನೇರ ಬಿಸಿಲು ಬೀಳದ ಕಿಟಕಿಯ ಬಳಿ ಇಟ್ಟು ತೆಗೆಯಿರಿ.