ಹೊಗೆಸೊಪ್ಪಿನಲ್ಲಿ ಹೊಗೆ ಎಲ್ಲಿದೆ?

ಶ್ರೀಧರ ದೊಡ್ಡಪ್ಪ: (ಫಾರ್ವರ್ಡ್) "ಹೊಗೆ ಇಲ್ಲದ ತಂಬಾಕಿನಿಂದ ಹೃದಯಕ್ಕೆ ತೊಂದರೆ ಇಲ್ಲ. ಎಲ್ಲರಿಗೂ ಕಳುಹಿಸಿ."

ಶ್ರೀಧರ ದೊಡ್ಡಪ್ಪ: ನೋಡಿದಿರಾ? ಸಿಗರೇಟು ಬಿಟ್ಟು ಇದನ್ನು ಹಿಡಿದಾಗ ಎಲ್ಲರೂ ನನ್ನನ್ನೇ ಬೈದಿರಿ.

ವೀಣಾ: ದೊಡ್ಡಪ್ಪ, ಇದನ್ನು ಬರೆದವರು ಯಾರು?

ಶ್ರೀಧರ ದೊಡ್ಡಪ್ಪ: ತಿಳಿದವರೇ ಬರೆದಿರುತ್ತಾರೆ. ಹೊಗೆಯೇ ಇಲ್ಲದ ಮೇಲೆ ಎದೆಗೆ ಏನು ಹೋಗುತ್ತದೆ?

ವೀಣಾ: ಕಾರ್ಬನ್ ಮಾನಾಕ್ಸೈಡ್ ಹೋಗುವುದಿಲ್ಲ, ಅಷ್ಟು ಒಪ್ಪಿದೆ. ನಿಕೋಟಿನ್ ಹೋಗುತ್ತದಲ್ಲ! ನೀವು ಸುಣ್ಣ ಹಾಕಿ ಅಂಗೈಯಲ್ಲಿ ತಿಕ್ಕಿ, ಕೊಡವಿ, ಕೆಳತುಟಿಯ ಹಿಂದೆ ಇಟ್ಟುಕೊಳ್ಳುತ್ತೀರಿ. ಆ ಸುಣ್ಣದಿಂದಲೇ ನಿಕೋಟಿನ್ ಬಾಯಿಯ ಒಳಪೊರೆ ದಾಟಿ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಸಿಗರೇಟಿನದು ಸರ್ರನೆ ಏರಿ ಬೇಗ ಇಳಿಯುತ್ತದೆ. ಇದು ನಿಧಾನವಾಗಿ ಏರಿ, ಇಳಿಯಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತೂ ಅಡ್ರಿನಲಿನ್ ಹೆಚ್ಚಿ, ರಕ್ತನಾಳ ಬಿಗಿದು, ಹೃದಯ ಓಡುತ್ತಲೇ ಇರುತ್ತದೆ. ಅದು ಇಳಿಯುವ ಹೊತ್ತಿಗೆ ನೀವು ಮತ್ತೆ ಡಬ್ಬಿ ತೆಗೆಯುತ್ತೀರಿ.

ರಘು: ವೀಣಾ, ಸ್ವೀಡನ್ನಿನ ಮಾತನ್ನೂ ಹೇಳು. ಅಲ್ಲಿನ ಸ್ನೂಸ್, ಅಂದರೆ ತುಟಿಯ ಹಿಂದೆ ಇಟ್ಟುಕೊಳ್ಳುವ ತಂಬಾಕಿನ ಬಗ್ಗೆ ಎಂಟು ಅಧ್ಯಯನಗಳನ್ನು ಕೂಡಿಸಿ 2012ರಲ್ಲಿ ಲೆಕ್ಕ ಹಾಕಿದರು. ಹೃದಯಾಘಾತ ಹೆಚ್ಚಾದದ್ದು ಕಾಣಲಿಲ್ಲ.

ಶ್ರೀಧರ ದೊಡ್ಡಪ್ಪ: ಭಲೇ ರಘು!

ವೀಣಾ: ಅಣ್ಣ, ಅರ್ಧ ಓದಿ ನಿಲ್ಲಿಸಿದ್ದೀಯ. ಆಘಾತವಾದವರ ಪೈಕಿ ಸಾಯುವ ಸಾಧ್ಯತೆ ಸ್ನೂಸ್ ಇಟ್ಟುಕೊಳ್ಳುವವರಲ್ಲೇ ಹೆಚ್ಚಿರುವಂತೆ ಕಾಣುತ್ತದೆ ಎಂದು ಅದೇ ಲೆಕ್ಕದಲ್ಲಿದೆ. 2014ರಲ್ಲಿ ಅದೇ ದೇಶದಿಂದ ಇನ್ನೊಂದು ಬಂತು: ಆಘಾತದ ನಂತರ ಸ್ನೂಸ್ ಬಿಟ್ಟವರಲ್ಲಿ ಸಾವು, ಬಿಡದವರಿಗಿಂತ ಸುಮಾರು ಅರ್ಧ. ಅಲ್ಲದೆ ಸ್ನೂಸ್ ಬೇರೆ, ದೊಡ್ಡಪ್ಪನ ಡಬ್ಬಿ ಬೇರೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ಅದು 2006ರದ್ದು, ತಂಬಾಕು ಜಗಿಯುವವರಲ್ಲಿ ಹೃದಯಾಘಾತದ ಸಾಧ್ಯತೆ ತಂಬಾಕು ಮುಟ್ಟದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಸೇದುವುದೂ ಜಗಿಯುವುದೂ ಎರಡೂ ಇದ್ದವರಲ್ಲಿ ನಾಲ್ಕು ಪಟ್ಟು.

ರಘು: ಸರಿ. ಸಾವಿನ ಲೆಕ್ಕವನ್ನು ನಾನು ಓದಿರಲಿಲ್ಲ.

ಸರೋಜ ಅತ್ತೆ: ಹೊಗೆಸೊಪ್ಪು ಎಂದು ಹೆಸರಲ್ಲೇ ಹೊಗೆ ಇಟ್ಟುಕೊಂಡು ಹೊಗೆ ಇಲ್ಲ ಎನ್ನುತ್ತೀಯಲ್ಲ ಅಣ್ಣ!

ಶ್ರೀಧರ ದೊಡ್ಡಪ್ಪ: ನಗುವವರು ನಗಿ. ನನಗೆ ಎದೆ ಬಡಿತ ಹೆಚ್ಚಾದದ್ದು ಒಂದು ದಿನವೂ ತಿಳಿದಿಲ್ಲ.

ವೀಣಾ: ತಿಳಿಯುವುದಿಲ್ಲ, ಅದಕ್ಕೇ ಬಿ.ಪಿ. ಯಂತ್ರ. ನಿಮ್ಮ ಮಂಚದ ಪಕ್ಕದಲ್ಲೇ ಇದೆಯಲ್ಲ? ಈಗ ಒಮ್ಮೆ ನೋಡಿ, ಒಂದು ಚಿಟಿಕೆ ಇಟ್ಟುಕೊಂಡು ಇಪ್ಪತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ.

ರಘು: ಪರೀಕ್ಷೆಗೆಂದು ನೀನೇ ತಂಬಾಕು ಹಾಕಿಸುತ್ತೀಯಾ?

ವೀಣಾ: ನಾನು ಬೇಡವೆಂದರೆ ಬಿಡುತ್ತಾರೆಯೇ? ಹೇಗೂ ಹಾಕಿಕೊಳ್ಳುವವರು, ಅಳೆದು ಹಾಕಿಕೊಳ್ಳಲಿ.

ಶ್ರೀಧರ ದೊಡ್ಡಪ್ಪ: ಮೊದಲು 132/84, ಬಡಿತ 74.

ಸರೋಜ ಅತ್ತೆ: ಆಮೇಲಿನದು ಎಲ್ಲಿ? ಅರ್ಧ ಗಂಟೆಯಾಯಿತು.

ಶ್ರೀಧರ ದೊಡ್ಡಪ್ಪ: 146/90, 88. ಈ ಯಂತ್ರ ಸರಿಯಿಲ್ಲ.

ದೊಡ್ಡಮ್ಮ: ಅರ್ಧ ಗಂಟೆಯ ಹಿಂದೆ ಸರಿಯಾಗಿತ್ತು. ಡಬ್ಬಿ ನನ್ನ ಹತ್ತಿರ ಇದೆ, ಹುಡುಕಬೇಡಿ.