‘ಕಾಲ್ಪನಿಕ ಇತಿಹಾಸ’ ಎನ್ನಬಹುದೇ? ಒಬ್ಬ ಸಣ್ಣ ಖಳನ ನೆಪದಲ್ಲಿ ಕೆಲವು ಪದಗಳು

ಪದಚರ್ಚೆಯ ಬಳಗಕ್ಕೆ ನಮಸ್ಕಾರ.

ಅಮೆರಿಕದ ಕಾಮಿಕ್ಸ್ ಪಾತ್ರಗಳನ್ನು ಕುರಿತು ವಿಶ್ವಕೋಶದ ಮಾದರಿಯ ಕಿರುಲೇಖನಗಳನ್ನು ಕನ್ನಡದಲ್ಲಿ ಬರೆಯುವಾಗ ಎದುರಾಗುವ ಒಂದು ತಲೆಬರಹದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ. ಇಂಥ ಲೇಖನಗಳಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಪಾತ್ರವನ್ನು ಯಾರು, ಯಾವಾಗ, ಯಾವ ಪತ್ರಿಕೆಗಾಗಿ ಸೃಷ್ಟಿಸಿದರು ಎಂಬುದು ಮೊದಲನೆಯದು. ಕಥೆಗಳ ಒಳಗೆ ಆ ಪಾತ್ರ ಹುಟ್ಟಿದ್ದೆಲ್ಲಿ, ಮಾಡಿದ್ದೇನು, ಪಟ್ಟ ಪಾಡೇನು ಎಂಬುದು ಎರಡನೆಯದು. ಈ ಎರಡನೆಯ ಭಾಗಕ್ಕೆ ‘ಕಾಲ್ಪನಿಕ ಇತಿಹಾಸ’ ಎಂಬ ಹೆಸರು ತಟ್ಟನೆ ಒದಗುತ್ತದೆ. ಆದರೆ ಕನ್ನಡದ ಕಿವಿಗೆ ಅದು ‘ಯಾರೋ ಕಟ್ಟಿದ ಸುಳ್ಳು ಚರಿತ್ರೆ’ ಎಂದು ಕೇಳಿಸುತ್ತದೆಯೇ ಹೊರತು ‘ಕಲ್ಪಿತ ಪಾತ್ರವೊಂದರ ಬಾಳಿನ ಕಥೆ’ ಎಂದು ಕೇಳಿಸುವುದಿಲ್ಲ ಎಂಬುದು ನನ್ನ ಅನುಮಾನ.

ಚರ್ಚೆ ಗಾಳಿಯಲ್ಲಿ ನಡೆಯಬಾರದೆಂದು ಒಂದು ಪಾತ್ರವನ್ನು ಮುಂದಿಟ್ಟುಕೊಳ್ಳುತ್ತೇನೆ. ಮಾರ್ವೆಲ್ ಸಂಸ್ಥೆಯ ‘ಸ್ಟ್ರೇಂಜ್ ಟೇಲ್ಸ್’ ಪತ್ರಿಕೆಯ 104ನೆಯ ಸಂಚಿಕೆಯಲ್ಲಿ, ಅಂದರೆ 1963ರ ಜನವರಿ ಸಂಚಿಕೆಯಲ್ಲಿ, ಪೇಸ್ಟ್-ಪಾಟ್ ಪೀಟ್ ಎಂಬ ಖಳನೊಬ್ಬ ಮೊದಲ ಬಾರಿಗೆ ಕಾಣಿಸಿಕೊಂಡ. ಸ್ಟ್ಯಾನ್ ಲೀ, ಲ್ಯಾರಿ ಲೀಬರ್ ಮತ್ತು ಜ್ಯಾಕ್ ಕರ್ಬಿ ಅವರು ಇವನ ಸೃಷ್ಟಿಕರ್ತರು. ಕೈಯಲ್ಲಿ ಅಂಟು ಎರಚುವ ಬಂದೂಕು, ಅದಕ್ಕೆ ಅಂಟು ಒದಗಿಸುವ ಒಂದು ಪಾತ್ರೆ: ಇಷ್ಟೇ ಇವನ ಬಂಡವಾಳ. ಫೆಂಟಾಸ್ಟಿಕ್ ಫೋರ್ ತಂಡದ ಹ್ಯೂಮನ್ ಟಾರ್ಚ್ ಎಂಬ ಹುಡುಗ ಅವನ ಎದುರಾಳಿ. ಮೈಯೆಲ್ಲ ಬೆಂಕಿಯಾಗಿ ಹಾರಬಲ್ಲವನ ಮುಂದೆ ಅಂಟಿನ ಪಾತ್ರೆ ಹಿಡಿದು ನಿಂತವನ ಕಥೆ ಎಷ್ಟು ದೂರ ಹೋದೀತು ಎನ್ನಿಸಬಹುದು. ಹೋಗಿದೆ. ಅದಕ್ಕಾಗಿಯೇ ಇವನನ್ನು ಆರಿಸಿಕೊಂಡೆ.

ಮೊದಲು ‘ಇತಿಹಾಸ’. ಇತಿ, ಹ, ಆಸ ಎಂದು ಬಿಡಿಸಿದರೆ ‘ಹೀಗೆಯೇ ಇತ್ತಷ್ಟೆ’ ಎಂಬ ಅರ್ಥ ಬರುತ್ತದೆ. ನಡೆದದ್ದನ್ನೇ ಹೇಳುತ್ತಿದ್ದೇನೆಂಬ ಪ್ರತಿಜ್ಞೆ ಪದದ ಹೊಟ್ಟೆಯಲ್ಲಿಯೇ ಇದೆ. ಮಹಾಭಾರತವನ್ನು ಇತಿಹಾಸವೆಂದು ಕರೆಯುವ ಪರಂಪರೆಯೂ ಅದನ್ನು ಕಟ್ಟುಕಥೆಯೆಂದು ಒಪ್ಪಿಕೊಂಡು ಕರೆದದ್ದಲ್ಲ. ಇಂದಿನ ಬಳಕೆಯಲ್ಲಂತೂ ಇತಿಹಾಸವೆಂದರೆ ಶಾಸನ, ದಾಖಲೆ, ಕಾಲನಿರ್ಣಯ. ಅದರ ಹಿಂದೆ ‘ಕಾಲ್ಪನಿಕ’ ಎಂಬ ವಿಶೇಷಣ ಸೇರಿದೊಡನೆ ಎರಡೂ ಪದಗಳು ಒಂದನ್ನೊಂದು ಅಲ್ಲಗಳೆಯುತ್ತವೆ. ‘ಚರಿತೆ’ಗೆ ಈ ತೊಡಕಿಲ್ಲ. ಜನ್ನನ ಯಶೋಧರ ಚರಿತೆ ಶಾಸನಗಳಲ್ಲಿ ಸಿಗುವ ಅರಸನ ಚರಿತ್ರೆಯಲ್ಲವಾದರೂ ಆ ಹೆಸರಿನ ಬಗ್ಗೆ ಯಾರೂ ತಕರಾರು ತೆಗೆದಿಲ್ಲ, ಏಕೆಂದರೆ ಚರಿತೆಯೆಂದರೆ ನಡೆ, ನಡೆದುಕೊಂಡ ಬಗೆ. ಆದರೂ ‘ಪಾತ್ರಚರಿತೆ’ ಎಂದರೆ ಗುಣವಿಮರ್ಶೆಯ ಛಾಯೆ ಬರುತ್ತದೆ. ಹಾಗಾಗಿ ನನ್ನ ಒಲವು ‘ಕಥೆಯೊಳಗಿನ ವೃತ್ತಾಂತ’ ಎಂಬುದರ ಕಡೆಗಿದೆ. ಸ್ವಲ್ಪ ಉದ್ದವಾಯಿತು, ನಿಜ; ಆದರೆ ‘ಒಳಗಿನ’ ಎಂಬ ಪದ ಮಾಡುವ ಕೆಲಸವನ್ನು ‘ಕಾಲ್ಪನಿಕ’ ಮಾಡಲಾರದು. ನಡೆದದ್ದು ಕಥೆಯ ಒಳಗೆ, ಪ್ರಕಟವಾದದ್ದು ಹೊರಗೆ ಎಂಬ ಗೆರೆಯನ್ನು ಅದು ಎಳೆಯುತ್ತದೆ.

ಈ ಗೆರೆ ಅಳಿಸಿಹೋದರೆ ಆಗುವ ಎಡವಟ್ಟನ್ನು ನೋಡಿ. ‘1963ರಲ್ಲಿ ಪೀಟ್ ಅಮೆರಿಕದ ಸೇನೆಯ ಕ್ಷಿಪಣಿಯನ್ನು ಕದ್ದ’ ಎಂದು ಬರೆದರೆ ವ್ಯಾಕರಣ ಸರಿಯಾಗಿದೆ, ಸಂಗತಿ ತಪ್ಪಾಗಿದೆ. 1963 ಸಂಚಿಕೆಯ ವರ್ಷವೇ ಹೊರತು ಕಳ್ಳತನದ ವರ್ಷವಲ್ಲ. ಮಾರ್ವೆಲ್ ಕಥಾಲೋಕದಲ್ಲಿ ಕಾಲ ಓದುಗರ ಕಾಲದ ಜೊತೆ ಹೆಜ್ಜೆ ಹಾಕುವುದಿಲ್ಲ. ಅರವತ್ತರ ದಶಕದಲ್ಲಿ ಹದಿಹರೆಯದವನಾಗಿದ್ದ ಹ್ಯೂಮನ್ ಟಾರ್ಚ್ ಇಂದಿಗೂ ಮುದುಕನಾಗಿಲ್ಲ. ಹಳೆಯ ಘಟನೆಗಳೆಲ್ಲ ‘ಕೆಲವು ವರ್ಷಗಳ ಹಿಂದೆ’ ಎಂಬ ಜಾರುವ ಗಡುವಿನೊಳಗೆ ಸೇರಿಕೊಳ್ಳುತ್ತ ಬರುತ್ತವೆ. ಆದ್ದರಿಂದ ಇಸವಿಗಳೆಲ್ಲ ಪ್ರಕಟಣೆಯ ವಾಕ್ಯಗಳಿಗೆ ಮೀಸಲಾಗಿರಬೇಕು. ವೃತ್ತಾಂತದ ವಾಕ್ಯದಲ್ಲಿ ಇಸವಿ ಬರಲೇಬೇಕಾದರೆ ‘ಸಂಚಿಕೆಯಲ್ಲಿ’ ಎಂಬ ಪದದ ಬೆಂಗಾವಲಿನಲ್ಲಿಯೇ ಬರಬೇಕು.

ಇನ್ನು ಕ್ರಿಯಾಪದದ ಕಾಲ. ಕಥಾಸಾರವನ್ನು ವರ್ತಮಾನದಲ್ಲಿ ಹೇಳುವ ರೂಢಿ ನಮ್ಮಲ್ಲಿ ಹಳೆಯದು; ಯಕ್ಷಗಾನ ಪ್ರಸಂಗಗಳ ಕಥಾಸಾರವನ್ನು ಓದಿದವರಿಗೆಲ್ಲ ಪರಿಚಿತವಾದದ್ದು. ಆದರೆ ಕನ್ನಡದ ‘ಕದಿಯುತ್ತಾನೆ’ ಎಂಬ ರೂಪ ಒಂದೇ ಬಾರಿ ನಡೆದದ್ದಕ್ಕೂ, ವಾಡಿಕೆಗೂ, ಮುಂದೆ ನಡೆಯಲಿರುವುದಕ್ಕೂ ಸಲ್ಲುತ್ತದೆ. ‘ಪೀಟ್ ಕ್ಷಿಪಣಿ ಕದಿಯುತ್ತಾನೆ’ ಎಂದು ಬಿಡಿಯಾಗಿ ಬರೆದರೆ ಕ್ಷಿಪಣಿ ಕದಿಯುವುದು ಅವನ ಕಸುಬೇನೋ ಎಂಬಂತಾಗುತ್ತದೆ. ಕಳ್ಳರ ಜೀವನಚರಿತ್ರೆಗೆ ಈ ತೊಂದರೆ ವಿಶೇಷವಾಗಿ ಕಾಡುವಂಥದ್ದು. ಭೂತಕಾಲಕ್ಕೆ ಹೋದರೆ ಮತ್ತೆ ಇತಿಹಾಸದ ದನಿ ಬರುತ್ತದೆ. ಅಜ್ಜಿಕಥೆಯ ‘ಕದ್ದನಂತೆ’ ನಿಜಕ್ಕೂ ಕಥೆಗೆಂದೇ ಭಾಷೆ ಮಾಡಿಟ್ಟ ರೂಪದಂತಿದೆ, ಆದರೆ ವಿಶ್ವಕೋಶದಲ್ಲಿ ಅದು ಚಾಡಿಯಂತೆ ಕೇಳೀತು.

ನನಗೆ ಕಂಡ ದಾರಿಯೆಂದರೆ ಬಿಡಿ ಬಿಡಿ ಪೂರ್ಣಕ್ರಿಯೆಗಳನ್ನು ಕಡಿಮೆ ಮಾಡಿ ಕೃದಂತಾವ್ಯಯಗಳಿಂದ ಘಟನೆಗಳನ್ನು ಹೆಣೆದು, ವಾಕ್ಯದ ಕೊನೆಯಲ್ಲಿ ಮಾತ್ರ ವರ್ತಮಾನವನ್ನು ನಿಲ್ಲಿಸುವುದು. ಉದಾಹರಣೆಗೆ: ‘ಮೊದಲ ಕಥೆಯಲ್ಲಿ ಪೀಟ್ ಕ್ಷಿಪಣಿಯೊಂದನ್ನು ಅಪಹರಿಸಿ, ಅದನ್ನು ವಿದೇಶಿ ಗೂಢಚಾರರಿಗೆ ಮಾರಲು ಹೊರಟು, ಹ್ಯೂಮನ್ ಟಾರ್ಚ್‌ನ ಕೈಯಲ್ಲಿ ಸೋತು ತಪ್ಪಿಸಿಕೊಳ್ಳುತ್ತಾನೆ.’ ಇಲ್ಲಿ ‘ತಪ್ಪಿಸಿಕೊಳ್ಳುತ್ತಾನೆ’ ಎಂಬುದನ್ನು ಯಾರೂ ವಾಡಿಕೆಯೆಂದು ಓದುವುದಿಲ್ಲ. ಹಿಂದಿನ ಮೂರು ಅವ್ಯಯಗಳು ಅದನ್ನು ಒಂದೇ ಸಲದ ಘಟನೆಯಾಗಿ ಕಟ್ಟಿಹಾಕಿವೆ. ಇದರ ಜೊತೆಗೆ ಗೌರವಸೂಚಕ ಬಹುವಚನವೂ ನಮ್ಮ ನೆರವಿಗೆ ಬರುತ್ತದೆ. ಲೀ ‘ಬರೆದರು’, ಕರ್ಬಿ ‘ಚಿತ್ರಿಸಿದರು’, ಪೀಟ್ ಮಾತ್ರ ‘ಅಂಟಿಸುತ್ತಾನೆ’. ನಿಜಲೋಕದವರಿಗೆ ಬಹುವಚನ, ಕಥಾಲೋಕದವರಿಗೆ ಏಕವಚನ ಎಂಬ ನಿಯಮವನ್ನು ಲೇಖನದುದ್ದಕ್ಕೂ ಪಾಲಿಸಿದರೆ ಓದುಗ ಯಾವ ಲೋಕದಲ್ಲಿದ್ದಾನೆಂದು ಪ್ರತಿ ವಾಕ್ಯದಲ್ಲೂ ನೆನಪಿಸಬೇಕಾಗಿಲ್ಲ.

ಹೆಚ್ಚು ತಲೆ ಕೆಡಿಸಿರುವ ಪದ ‘ರೆಟ್‌ಕಾನ್’. ಈಗಾಗಲೇ ಹೇಳಿಯಾದ ಕಥೆಯ ಹಿಂದಿನ ಸಂಗತಿಗಳನ್ನು ಮುಂದಿನ ಸಂಚಿಕೆಯೊಂದರಲ್ಲಿ ಬದಲಿಸಿ ಅಥವಾ ಹೊಸದಾಗಿ ಸೇರಿಸಿ, ಅವು ಮೊದಲಿನಿಂದಲೂ ಹಾಗೆಯೇ ಇದ್ದವೆಂದು ಸ್ಥಾಪಿಸುವುದಕ್ಕೆ ಕಾಮಿಕ್ಸ್ ಓದುಗರು ಬಳಸುವ ಪದ ಇದು. ಇದರ ಪೂರ್ಣರೂಪವಾದ ‘ರೆಟ್ರೋಆ್ಯಕ್ಟಿವ್ ಕಂಟಿನ್ಯುಯಿಟಿ’ 1983ರಲ್ಲಿ ಡಿಸಿ ಸಂಸ್ಥೆಯ ‘ಆಲ್-ಸ್ಟಾರ್ ಸ್ಕ್ವಾಡ್ರನ್’ ಪತ್ರಿಕೆಯ ಓದುಗರ ಅಂಕಣದಲ್ಲಿ ಕಾಣಿಸಿಕೊಂಡು ಅಲ್ಲಿಂದ ಹರಡಿತು. ಗ್ರಂಥಸಂಪಾದನೆಯ ‘ಪ್ರಕ್ಷೇಪ’ವನ್ನು ಇದಕ್ಕೆ ಹೊಂದಿಸಬಹುದೆಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಪ್ರಕ್ಷೇಪವೆಂದರೆ ಬೇರೊಬ್ಬರು ಮೂಲಪಾಠದೊಳಕ್ಕೆ ನುಸುಳಿಸಿದ್ದು. ಸಂಪಾದಕನ ಕೆಲಸ ಅದನ್ನು ಗುರುತಿಸಿ ಹೊರಗಿಡುವುದು. ರೆಟ್‌ಕಾನ್ ಹಾಗಲ್ಲ. ಪಾತ್ರದ ಒಡೆತನವುಳ್ಳ ಸಂಸ್ಥೆಯೇ ಮಾಡಿದ ತಿದ್ದುಪಡಿ ಅದು. ಹಳೆಯ ಸಂಚಿಕೆಯ ಒಂದಕ್ಷರವನ್ನೂ ಮುಟ್ಟದೆ ಅದರ ಅರ್ಥವನ್ನು ಬದಲಿಸುತ್ತದೆ. ಸರ್ಕಾರಿ ಆದೇಶಗಳಲ್ಲಿ ಬರುವ ‘ಪೂರ್ವಾನ್ವಯ’ ಎಂಬ ಪದ ಈ ಅರ್ಥಕ್ಕೆ ಹತ್ತಿರವಿದೆ: ಇಂದು ಹೊರಟ ಆದೇಶ ಹಿಂದಿನ ದಿನಾಂಕದಿಂದ ಜಾರಿಗೆ ಬರುತ್ತದೆ, ಹಳೆಯ ಕಡತ ಇದ್ದಲ್ಲಿಯೇ ಇರುತ್ತದೆ. ‘ಪೂರ್ವಾನ್ವಯ ತಿದ್ದುಪಡಿ’ ಎಂದರೆ ಕಚೇರಿಯ ವಾಸನೆ ಬರುತ್ತದೆಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೂ ಪದವನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ.

ಇಲ್ಲಿಯೂ ಒಂದು ಸೂಕ್ಷ್ಮವಿದೆ. ಪೀಟ್‌ನ ಪೂರ್ಣ ಹೆಸರು ಪೀಟರ್ ಪೆಟ್ರುಸ್ಕಿ, ಊರು ಇಂಡಿಯಾನಾ ರಾಜ್ಯದ ಗ್ಯಾರಿ, ವೃತ್ತಿಯಿಂದ ಅವನು ರಸಾಯನಶಾಸ್ತ್ರಜ್ಞ ಎಂಬ ವಿವರಗಳು ಅನಂತರದ ಬರಹಗಳಿಂದ ಕೂಡಿಬಂದವು. ಇವು ಯಾವುದನ್ನೂ ತಿದ್ದಲಿಲ್ಲ, ಖಾಲಿ ಇದ್ದ ಜಾಗವನ್ನು ತುಂಬಿದವು. ಅವನೊಡನೆ ಒಂದೇ ತಂಡದಲ್ಲಿದ್ದ ಮೆಡ್ಯೂಸಾ 1965ರ ಆರಂಭದಲ್ಲಿ ಕೇವಲ ಖಳನಾಯಕಿಯಾಗಿ ಬಂದು, ಅದೇ ವರ್ಷದ ಕೊನೆಯ ಸಂಚಿಕೆಗಳಲ್ಲಿ ಇನ್‌ಹ್ಯೂಮನ್ಸ್ ಎಂಬ ಗುಪ್ತ ಜನಾಂಗದ ರಾಜಮನೆತನದವಳೆಂದು ತಿಳಿದುಬಂದದ್ದು ಇನ್ನೊಂದು ಬಗೆ. ಅಲ್ಲಿ ಹಳೆಯ ಕಥೆಯನ್ನು ಹೊಸ ಬೆಳಕಿನಲ್ಲಿ ಮತ್ತೆ ಓದಬೇಕಾಗುತ್ತದೆ. ಮೊದಲನೆಯದಕ್ಕೆ ‘ಪೂರಣ’ ಎಂದೂ ಎರಡನೆಯದಕ್ಕೆ ‘ಪೂರ್ವಾನ್ವಯ’ ಎಂದೂ ಬೇರೆ ಬೇರೆ ಪದಗಳಿರಲಿ ಎಂಬುದು ನನ್ನ ಸಲಹೆ. ಸಮಸ್ಯಾಪೂರಣವನ್ನು ಬಲ್ಲವರಿಗೆ ‘ಪೂರಣ’ ಹೊಸದಲ್ಲ.

‘ಸೂಪರ್‌ವಿಲನ್’ಗೆ ಬರೋಣ. ‘ಮಹಾಖಳ’ ಎಂಬ ಅನುವಾದ ಪ್ರಮುಖ ಖಳರ ವಿಷಯದಲ್ಲಿ ಹೇಗೋ ನಡೆಯುತ್ತದೆ. ಪೀಟ್‌ನಂಥವನನ್ನು ಬಣ್ಣಿಸುವಾಗ ‘ಸಣ್ಣ ಮಹಾಖಳ’ ಎನ್ನಬೇಕಾಗಿ ಬಂದು ನಗೆಪಾಟಲಾಗುತ್ತದೆ. ಮೂಲದಲ್ಲಿ ‘ಸೂಪರ್’ ಎಂಬುದು ದುಷ್ಟತನದ ಅಳತೆಯಲ್ಲ, ಸೂಪರ್‌ಹೀರೋ ಕಥೆಗಳ ಕುಲಕ್ಕೆ ಸೇರಿದವನು ಎಂಬ ಗುರುತು ಮಾತ್ರ. ‘ಅತಿಮಾನುಷ ಖಳ’ ಎಂಬುದೂ ಇವನಿಗೆ ಸಲ್ಲದು. ಇವನಲ್ಲಿ ಅತಿಮಾನುಷವಾದದ್ದು ಏನೂ ಇಲ್ಲ, ಇರುವುದೆಲ್ಲ ರಸಾಯನವಿದ್ಯೆ. ‘ಪ್ರತಿನಾಯಕ’ ಇನ್ನೂ ದೂರ. ಧನಂಜಯನ ದಶರೂಪಕ ಎಂಬ ಸಂಸ್ಕೃತ ನಾಟ್ಯಗ್ರಂಥ ಪ್ರತಿನಾಯಕನನ್ನು ಧೀರೋದ್ಧತನೆಂದು ಕರೆಯುತ್ತದೆ, ಎಂದರೆ ನಾಯಕನಿಗೆ ಸರಿದೂಗುವ ಎತ್ತರ ಅವನಿಗಿರಬೇಕು. ಫೆಂಟಾಸ್ಟಿಕ್ ಫೋರ್ ಕಥೆಗಳಲ್ಲಿ ಆ ಸ್ಥಾನ ಡಾಕ್ಟರ್ ಡೂಮ್‌ನದು. ನಮ್ಮ ಸಿನಿಮಾ ಬರಹಗಳಿಂದ ಬಂದ ‘ಖಳನಾಯಕ’ದಲ್ಲಿಯೂ ‘ನಾಯಕ’ ಕುಳಿತಿದ್ದಾನೆ. ಹೀಗಾಗಿ ಪ್ರಕಾರದ ಹೆಸರಾಗಿ ‘ಸೂಪರ್‌ವಿಲನ್’ ಎಂಬುದನ್ನೇ ಉಳಿಸಿಕೊಂಡು, ಪಾತ್ರದ ಅಂತಸ್ತನ್ನು ಹೇಳುವಾಗ ‘ಅಪ್ರಧಾನ ಖಳ’ ಎನ್ನುವುದು ವಾಸಿ. ‘ಪುಡಿ ರೌಡಿ’ಯ ಜಾಡಿನಲ್ಲಿ ‘ಪುಡಿಖಳ’ ಎನ್ನುವ ಆಸೆ ನನಗೂ ಆಯಿತು. ಆದರೆ 1998ರ ಸ್ಪೈಡರ್-ಮ್ಯಾನ್ ಸಂಚಿಕೆಗಳಲ್ಲಿ ಇದೇ ಪೀಟ್ ಸ್ಪೈಡರ್-ಮ್ಯಾನ್‌ನ ಹಗೆಯಾದ ನಾರ್ಮನ್ ಆಸ್ಬಾರ್ನ್‌ನಿಂದ ಸುಪಾರಿ ಪಡೆದು ಒಬ್ಬನನ್ನು ಕೊಂದು, ಆ ಕೊಲೆಯನ್ನು ಸ್ಪೈಡರ್-ಮ್ಯಾನ್‌ನ ತಲೆಗೆ ಕಟ್ಟುತ್ತಾನೆ; ಅಲ್ಲಿ ‘ಪುಡಿ’ ಎನ್ನಲು ಬಾಯಿ ಬರುವುದಿಲ್ಲ.

ಕೊನೆಯದಾಗಿ ಅವನ ಹೆಸರು. ಅಂಕಿತನಾಮಗಳನ್ನು ಅನುವಾದಿಸಬಾರದು ಎಂಬ ನಿಯಮದ ಪರವಾಗಿಯೇ ನಾನಿದ್ದೇನೆ. ಆದರೆ ಇವನ ವೃತ್ತಾಂತವೇ ಹೆಸರಿನ ಮೇಲೆ ನಿಂತಿದೆ. ಪಕಾರದ ಪ್ರಾಸ, ಅಂಟಿನ ಕುಡಿಕೆಯಂಥ ಬಡಪಾಯಿ ವಸ್ತು, ಸಲಿಗೆಯ ‘ಪೀಟ್’ ಎಂಬ ಮೊಟಕು: ಮೂರೂ ಸೇರಿ ಹೆಸರು ಕೇಳಿದವರು ನಗುವಂತಿದೆ. 1964ರ ಜುಲೈ ತಿಂಗಳ ‘ಅವೆಂಜರ್ಸ್’ 6ನೆಯ ಸಂಚಿಕೆಯಲ್ಲಿ ಬ್ಯಾರನ್ ಝೀಮೋ ಎಂಬ ಖಳ ಯಾವುದಕ್ಕೂ ಬಿಡದ ಅಂಟೊಂದನ್ನು ಪ್ರಯೋಗಿಸಿದಾಗ, ಅದನ್ನು ಕರಗಿಸುವ ದ್ರಾವಕಕ್ಕಾಗಿ ಅವೆಂಜರ್ಸ್ ತಂಡ ಸೆರೆಮನೆಯಲ್ಲಿದ್ದ ಪೀಟ್‌ನ ಮೊರೆ ಹೋಗುತ್ತದೆ. ಅಂಟಿನ ವಿದ್ಯೆಯಲ್ಲಿ ಅವನನ್ನು ಮೀರಿಸಿದವರಿಲ್ಲವೆಂದು ಎದುರಾಳಿಗಳೇ ಒಪ್ಪಿಕೊಂಡ ಹಾಗಾಯಿತು. ಆಮೇಲೆ 1965ರ ಮೇ ತಿಂಗಳ ‘ಫೆಂಟಾಸ್ಟಿಕ್ ಫೋರ್’ 38ನೆಯ ಸಂಚಿಕೆಯಲ್ಲಿ ಅವನು ‘ಟ್ರ್ಯಾಪ್‌ಸ್ಟರ್’ ಎಂದು ಹೆಸರು ಬದಲಿಸಿಕೊಳ್ಳುತ್ತಾನೆ, ಆದರೂ ಮುಂದಿನ ಕಥೆಗಳಲ್ಲಿ ಎದುರಾಳಿಗಳು ಹಳೆಯ ಹೆಸರನ್ನೇ ಎತ್ತಿ ಹಂಗಿಸುತ್ತಾರೆ, ಅವನು ಕೆರಳುತ್ತಾನೆ. ಲಿಪ್ಯಂತರ ಮಾತ್ರ ಕೊಟ್ಟರೆ ಈ ಕೆರಳಿಕೆಯ ಕಾರಣವೇ ಕನ್ನಡದ ಓದುಗನಿಗೆ ಸಿಗುವುದಿಲ್ಲ. ಆದ್ದರಿಂದ ಮೊದಲ ಬಾರಿ ಹೆಸರು ಬಂದಾಗ ಒಂದು ವಿವರಣೆ ಅಗತ್ಯ: ‘ಅಂಟಿನ ಕುಡಿಕೆಯ ಪೀಟ್ ಎಂಬರ್ಥದ’ ಎಂದರೆ ಸಾಕು. ಎರಡನೆಯ ಹೆಸರಿಗೆ ‘ಬಲೆಗಾರ’ ಎಂದು ವಿವರಣೆ ಕೊಡಬಹುದು. ‘ಬಲೆಕೋರ’ ಎನ್ನುವುದು ಬೇಡ: ‘ಲಂಚಕೋರ’, ‘ದಂಗೆಕೋರ’ಗಳ ‘ಕೋರ’ ಪ್ರತ್ಯಯದಲ್ಲಿ ಬೈಗುಳದ ಮೊನೆ ಇದೆ. ತನಗೆ ತಾನೇ ಗತ್ತಿನ ಹೆಸರಿಟ್ಟುಕೊಂಡವನಿಗೆ ಅದು ಒಪ್ಪದು.

ನಡುವೆ ಒಂದು ಮಾತು. ಕಾಗದ ಅಂಟಿಸುವ ಹಿಟ್ಟಿನ ಅಂಟಿಗೆ ಮರಾಠಿಯಲ್ಲಿ ‘ಖಳ’ ಎನ್ನುತ್ತಾರೆ. ನಮ್ಮ ಖಳನ ಆಯುಧಕ್ಕೂ ಅವನ ವರ್ಗಕ್ಕೂ ಒಂದೇ ಹೆಸರಾದದ್ದು ಕೇವಲ ಆಕಸ್ಮಿಕ, ಇದರ ಮೇಲೆ ಯಾವ ವ್ಯುತ್ಪತ್ತಿಯನ್ನೂ ಕಟ್ಟಬೇಡಿ.

ನನ್ನ ಪ್ರಶ್ನೆಗಳು ಇವು. ‘ಕಥೆಯೊಳಗಿನ ವೃತ್ತಾಂತ’ಕ್ಕಿಂತ ಚಿಕ್ಕದಾದ, ಅಷ್ಟೇ ಸ್ಪಷ್ಟವಾದ ತಲೆಬರಹ ಯಾರಿಗಾದರೂ ಹೊಳೆಯುತ್ತದೆಯೇ? ‘ಪೂರ್ವಾನ್ವಯ’ವನ್ನು ಕಥನದ ಸಂದರ್ಭದಲ್ಲಿ ಈಗಾಗಲೇ ಯಾರಾದರೂ ಬಳಸಿದ್ದನ್ನು ನೀವು ನೋಡಿದ್ದೀರಾ? ಇನ್ನೊಂದು, ಪೀಟ್‌ನ ಪಾತ್ರೆಯಲ್ಲಿರುವುದನ್ನು ನಾನು ‘ಅಂಟು’ ಎಂದೇ ಬರೆದಿದ್ದೇನೆ, ಏಕೆಂದರೆ ‘ಗೋಂದು’ ಎಂದೊಡನೆ ಮರದ ಅಂಟು, ‘ಮೇಣ’ ಎಂದೊಡನೆ ಹಲಸು ನೆನಪಿಗೆ ಬರುತ್ತದೆ. ಗೋಡೆಗೆ ಪೋಸ್ಟರ್ ಮೆತ್ತುವ ಮೈದಾ ಅಂಟಿಗೆ ನಿಮ್ಮ ಊರುಗಳಲ್ಲಿ ಬೇರೆ ಪದವೇನಾದರೂ ಇದ್ದರೆ, ಜಿಲ್ಲೆಯ ಹೆಸರಿನೊಡನೆ ತಿಳಿಸಬೇಕೆಂದು ಕೋರುತ್ತೇನೆ.